ಹೊಸ ಪಾಟಿ ಕೊಡಿಸುವ ಮುನ್ನ ಹಳೆಯ ನೋಟ್‌ಬುಕ್ ತೆರೆದು ನೋಡಿ

ಕಾಲೇಜು ಶುರುವಾಗುವ ಹೊತ್ತಿಗೆ ಪ್ರತಿ ಮನೆಯಲ್ಲೂ ಒಂದು ಹೊಸ ಬೇಡಿಕೆ ಹುಟ್ಟುತ್ತದೆ. ಒಂದು ಕಾಲಕ್ಕೆ ಸೈಕಲ್ ಇತ್ತು, ಆಮೇಲೆ ಮೊಬೈಲ್ ಬಂತು, ಈಗ ಟ್ಯಾಬ್. “ಮಮ್ಮಿ, ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಟ್ಯಾಬ್ ಮ್ಯಾಲೆ ನೋಟ್ಸ್ ತಗೋತಾರ. ನಾ ಒಬ್ಬಾಕಿನ ಲಾಂಗ್‌ಬುಕ್ ಹೊತ್ತಕೊಂಡು ಹೋಗಬೇಕೇನು?” ಎಂದು ಮಗಳು ಮುಖ ಊದಿಸಿಕೊಳ್ಳುತ್ತಾಳೆ. “ಅಲ್ಲವಾ, ಗಾಜಿನ ಮ್ಯಾಲೆ ಹೆಂಗ ಬರೀತೀ?” ಎಂದು ನೀವು ಕೇಳಿದಿರೋ, ಸಿದ್ಧ ಉತ್ತರ ಬರುತ್ತದೆ: “ನಿನಗ ತಿಳಿಯೂದಿಲ್ಲ ಬಿಡು.”

ಅಲ್ಲಿಗೆ ನಿಮ್ಮ ಮಾತು ಮುಗಿಯಿತು. ಮುಂದಿನದೆಲ್ಲ ಯಜಮಾನರ ಹತ್ತಿರ ಅಹವಾಲು, ಅಂಗಡಿಯವರ ಕಂತಿನ ಲೆಕ್ಕ, ಚೀಟಿ ಎತ್ತುವ ಯೋಚನೆ. ಕೊನೆಗೆ ಹದಿನೈದೋ ಮೂವತ್ತೋ ಸಾವಿರದ ವಸ್ತುವೊಂದು ಮನೆಗೆ ಬರುತ್ತದೆ. ಬಂದ ಮೇಲೆ ಅದರಲ್ಲಿ ನೋಟ್ಸ್ ಬರೆಯುತ್ತಾರೋ, ಸಿನಿಮಾ ನೋಡುತ್ತಾರೋ ಯಾರಿಗೆ ಗೊತ್ತು?

ನನ್ನ ತಕರಾರು ಟ್ಯಾಬ್ ಮೇಲಲ್ಲ, “ನಿನಗ ತಿಳಿಯೂದಿಲ್ಲ” ಎಂಬ ಆ ಮಾತಿನ ಮೇಲೆ. ಟ್ಯಾಬ್ ಒಳಗಿನ ಯಂತ್ರ ನಮಗೆ ತಿಳಿಯದೇ ಇರಬಹುದು. ಆದರೆ ಮಗು ಕಲಿಯುತ್ತಿದೆಯೋ ಇಲ್ಲವೋ ಎಂಬುದು ತಾಯಿಗೆ ಖಂಡಿತ ತಿಳಿಯುತ್ತದೆ. ಕ್ಲಾಸಿನಲ್ಲಿ ಟ್ಯಾಬ್ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಅಲ್ಲಿಂದಲೇ ಶುರು ಮಾಡಬೇಕು.

ಪಾಟಿ ಹೊಸದು, ಆಸೆ ಹಳೆಯದು

ನಮ್ಮ ಧಾರವಾಡದ ಕಡೆ ಸ್ಲೇಟಿಗೆ ‘ಪಾಟಿ’ ಅನ್ನುತ್ತೇವೆ. ಸಾಲಿಗೆ ಹೊರಟ ಮಗುವಿನ ಹೆಗಲಿಗೆ ‘ಪಾಟಿಚೀಲ’. ಪಾಟಿಯ ಮೇಲೆ ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಸಂಜೆ ಮನೆಗೆ ಬರುವಾಗ ಪಾಟಿಯ ಮೇಲೆ ಏನೂ ಉಳಿದಿರುತ್ತಿರಲಿಲ್ಲ. ಆದರೆ ಅಕ್ಷರ ಕೈಯಲ್ಲಿ ಕೂತಿರುತ್ತಿತ್ತು. ಇಂದಿನ ಟ್ಯಾಬ್ ಇದಕ್ಕೆ ತಿರುಗುಮುರುಗು. ಅದರಲ್ಲಿ ಹಾಕಿದ್ದೆಲ್ಲವೂ ಉಳಿಯುತ್ತದೆ. ಮಗುವಿನ ತಲೆಯಲ್ಲಿ ಎಷ್ಟು ಉಳಿಯಿತು ಎಂಬುದೇ ಪ್ರಶ್ನೆ.

ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಹೊಸ ಪಾಟಿ ಕೊಡಬೇಕೆಂಬ ಆಸೆ ಸರ್ಕಾರಗಳಿಗೂ ಇತ್ತು. 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಮಂತ್ರಿ ಕಪಿಲ್ ಸಿಬಲ್ ಅವರು ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ದು ನಿಮಗೆ ನೆನಪಿರಬಹುದು. ಏಳು ಇಂಚಿನ ಪರದೆ. ಮೊದಲ ಮಾದರಿಯಲ್ಲಂತೂ ಅದನ್ನು ಒತ್ತಿ ಒತ್ತಿ ಬರೆಯಬೇಕಿತ್ತು. ಪತ್ರಿಕೆಗಳಲ್ಲಿ ಎಷ್ಟು ಸುದ್ದಿಯಾಯಿತೋ ಅಷ್ಟು ಬೇಗ ಅದು ಮರೆತೂ ಹೋಯಿತು. ನಮ್ಮ ರಾಜ್ಯದಲ್ಲಿ ಕೊರೊನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಿಸುವ ಕಾರ್ಯಕ್ರಮ ಶುರುವಾಯಿತು. ಕಾಲೇಜು ಮುಚ್ಚಿದ್ದ ದಿನಗಳಲ್ಲಿ ಪಾಠ ನೋಡಲು ಅದು ಆಸರೆಯಾಯಿತು, ಇಲ್ಲವೆನ್ನುವಂತಿಲ್ಲ. ಆದರೆ ಪಾಠ ನೋಡುವುದು ಬೇರೆ, ಪಾಠ ಬರೆದುಕೊಳ್ಳುವುದು ಬೇರೆ. ಎರಡನೆಯದನ್ನು ವಸ್ತು ಕೊಟ್ಟು ಕಲಿಸಲಾಗದು.

ನೋಟ್ಸ್ ಎಂದರೆ ಸೋಸುವ ಕೆಲಸ

ಹುಬ್ಬಳ್ಳಿ-ಧಾರವಾಡದ ಗೃಹಿಣಿಯರಿಗೆ ಅಮ್ಮಿನಬಾವಿಯ ಹೆಸರು ಹೊಸದಲ್ಲ. ನಲ್ಲಿಗೆ ನೀರು ಬರಲಿಲ್ಲ ಎಂದರೆ ಮೊದಲು ಕೇಳುವುದೇ “ಅಮ್ಮಿನಬಾವ್ಯಾಗ ಏನಾಗೇದಂತ?” ಎಂದು. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರನ್ನು ಅಮ್ಮಿನಬಾವಿಯ ಘಟಕದಲ್ಲಿ ಶುದ್ಧ ಮಾಡಿ ಊರಿಗೆ ಬಿಡುತ್ತಾರೆ. ಹೊಳೆಯ ನೀರನ್ನು ಹಾಗೇ ಪೈಪಿಗೆ ಬಿಟ್ಟರೆ ಟಾಕಿ ಬೇಗ ತುಂಬೀತು, ಕುಡಿಯಲಿಕ್ಕೆ ಬಂದೀತೇ?

ಕ್ಲಾಸಿನ ಪಾಠವೂ ಹೊಳೆಯ ನೀರಿನ ಹಾಗೇ. ಮೇಷ್ಟ್ರು ಒಂದು ತಾಸಿನಲ್ಲಿ ಸಾವಿರಾರು ಮಾತು ಆಡುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಉದಾಹರಣೆ ಕೊಡುತ್ತಾರೆ, ನಡುವೆ ಒಂದು ಚೇಷ್ಟೆಯ ಮಾತೂ ಬರುತ್ತದೆ. ಕೈಯಿಂದ ಬರೆಯುವ ಹುಡುಗಿಗೆ ಅದೆಲ್ಲವನ್ನೂ ಬರೆಯಲಿಕ್ಕಾಗುವುದಿಲ್ಲ, ಕೈ ಅಷ್ಟು ಓಡುವುದಿಲ್ಲ. ಹಾಗಾಗಿ ಕೇಳುತ್ತ ಕೇಳುತ್ತಲೇ ಯಾವುದು ಮುಖ್ಯ, ಯಾವುದನ್ನು ಬಿಡಬಹುದು, ಯಾವುದನ್ನು ತನ್ನ ಮಾತಿನಲ್ಲಿ ಚಿಕ್ಕದು ಮಾಡಬಹುದು ಎಂದು ಅವಳು ತೀರ್ಮಾನಿಸಲೇಬೇಕು. ಆ ತೀರ್ಮಾನವೇ ಕಲಿಕೆ.

ಈಗ ಟ್ಯಾಬ್ ಹಿಡಿದ ಅನೇಕರು ಮಾಡುವುದೇನು ನೋಡಿ. ಬೋರ್ಡಿನ ಫೋಟೋ ಹೊಡೆಯುತ್ತಾರೆ. ಮೇಷ್ಟ್ರ ಮಾತನ್ನು ರೆಕಾರ್ಡ್ ಮಾಡುತ್ತಾರೆ. ಗ್ರೂಪಿನಲ್ಲಿ ಬಂದ ಪಿಡಿಎಫ್ ಉಳಿಸಿಕೊಳ್ಳುತ್ತಾರೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎರಡು ಸಾವಿರ ಫೋಟೋ, ಮುನ್ನೂರು ಪಿಡಿಎಫ್! ಟಾಕಿ ತುಂಬಿ ತುಳುಕುತ್ತಿದೆ, ಒಂದು ಲೋಟ ಕುಡಿಯುವ ನೀರಿಲ್ಲ. ಇತ್ತೀಚೆಗೆ ರೆಕಾರ್ಡಿಂಗ್ ಕೇಳಿ ತಾನೇ ಸಾರಾಂಶ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೂ ಬಂದಿವೆ. ಸಾರಾಂಶ ಚೆನ್ನಾಗಿಯೇ ಇರಬಹುದು. ಆದರೆ ಸೋಸಿದ್ದು ಯಂತ್ರ, ಪರೀಕ್ಷೆಗೆ ಕೂರುವವಳು ನಿಮ್ಮ ಮಗಳು!

ಕೀಲಿಮಣೆಯೋ, ಕೈಬರಹವೋ?

ಈ ಬಗ್ಗೆ ವಿದೇಶಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. 2014ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನ ಬಹಳ ಪ್ರಸಿದ್ಧವಾಯಿತು. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದವರು ಮೇಷ್ಟ್ರ ಮಾತನ್ನು ಅಕ್ಷರಶಃ ಇಳಿಸಿಕೊಳ್ಳುತ್ತಿದ್ದರು. ಕೈಯಿಂದ ಬರೆದವರು ಕಡಿಮೆ ಬರೆದರೂ, ಅರ್ಥ ಮಾಡಿಕೊಂಡು ಉತ್ತರಿಸುವ ಪ್ರಶ್ನೆಗಳಲ್ಲಿ ಮುಂದಿದ್ದರು. ಆದರೆ ಇದನ್ನೇ ವೇದವಾಕ್ಯ ಎಂದುಕೊಳ್ಳಬೇಡಿ. 2019 ಮತ್ತು 2021ರಲ್ಲಿ ಬೇರೆಯವರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ “ಟೈಪ್ ಮಾಡಿದರೆ ಮಕ್ಕಳು ದಡ್ಡರಾಗ್ತಾರ” ಎಂದು ಮನೆಯಲ್ಲಿ ಗುಲ್ಲು ಮಾಡುವ ಅಗತ್ಯವಿಲ್ಲ.

ಟ್ಯಾಬ್ ಕೊಳ್ಳುವವರಿಗೆ ಹೆಚ್ಚು ಉಪಯೋಗದ ಅಧ್ಯಯನ 2024ರ ಆರಂಭದಲ್ಲಿ ನಾರ್ವೆಯಿಂದ ಬಂತು. 36 ವಿದ್ಯಾರ್ಥಿಗಳ ತಲೆಗೆ ಮಿದುಳಿನ ಅಲೆ ಅಳೆಯುವ ಸಾಧನ ತೊಡಿಸಿ, ಒಮ್ಮೆ ಕೀಲಿಮಣೆಯಲ್ಲಿ ಟೈಪ್ ಮಾಡಿಸಿದರು, ಒಮ್ಮೆ ಕೈಯಿಂದ ಬರೆಸಿದರು. ಕೈಯಿಂದ ಬರೆಯುವಾಗ ಮಿದುಳಿನ ಬೇರೆ ಬೇರೆ ಭಾಗಗಳ ನಡುವಿನ ಹೊಂದಾಣಿಕೆ ಹೆಚ್ಚಾಗಿತ್ತು. ಸ್ವಾರಸ್ಯ ಎಲ್ಲಿದೆ ಗೊತ್ತೇ? ಅವರು ಬರೆಸಿದ್ದು ಕಾಗದದ ಮೇಲಲ್ಲ, ಪರದೆಯ ಮೇಲೆ, ಡಿಜಿಟಲ್ ಪೆನ್ನಿನಿಂದ! ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಅವರು ಅಳೆಯಲಿಲ್ಲ, ನಿಜ. ಆದರೂ ಒಂದು ಮಾತಂತೂ ತಿಳಿಯುತ್ತದೆ. ಜಗಳ ಕಾಗದಕ್ಕೂ ಗಾಜಿಗೂ ಅಲ್ಲ. ಕೈ ಬರೆಯುತ್ತಿದೆಯೋ ಅಥವಾ ಬರೀ ಬೆರಳು ಒತ್ತುತ್ತಿದೆಯೋ ಎಂಬುದು ಮುಖ್ಯ.

ಇನ್ನೊಂದು ಸಂಗತಿ ತಾಯಂದಿರು ತಿಳಿದಿರಬೇಕು. 2013ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿದ್ದವರ ಕಲಿಕೆಯಷ್ಟೇ ಅಲ್ಲ, ಅವರ ಪರದೆ ಕಾಣುವಂತೆ ಕೂತಿದ್ದವರ ಕಲಿಕೆಯೂ ಕುಂದಿತು. ನಿಮ್ಮ ಮಗ ಕ್ಲಾಸಿನಲ್ಲಿ ಕ್ರಿಕೆಟ್ ಸ್ಕೋರ್ ನೋಡಿದರೆ ಹಿಂದಿನ ಬೆಂಚಿನವರ ಮಕ್ಕಳಿಗೂ ನಷ್ಟ.

ಒಂದೇ ಬೆಂಚಿನ ಇಬ್ಬರು

ಅಮ್ಮಿನಬಾವಿ ಧಾರವಾಡದಿಂದ ಹತ್ತು-ಹನ್ನೆರಡು ಕಿಲೋಮೀಟರ್. ದಿನಾ ಬೆಳಿಗ್ಗೆ ಸವದತ್ತಿ ರಸ್ತೆಯ ಬಸ್ಸುಗಳಲ್ಲಿ ಆ ಕಡೆಯ ಮಕ್ಕಳು ಧಾರವಾಡದ ಕಾಲೇಜುಗಳಿಗೆ ಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ, ಆದರೆ ನಿಲ್ಲಲಿಕ್ಕೂ ಜಾಗ ಸಿಕ್ಕರೆ ಪುಣ್ಯ. ಅಂಥ ನೂಕುನುಗ್ಗಲಲ್ಲಿ ಚೀಲದೊಳಗೆ ಗಾಜಿನ ವಸ್ತು ಇಟ್ಟುಕೊಂಡು ಬರುವುದು ಹೇಗೆ? ಅಕಸ್ಮಾತ್ ಒಡೆದರೆ ಇನ್ನೊಂದು ಕೊಡಿಸುವ ಶಕ್ತಿ ರೈತರ ಮನೆಯಲ್ಲಿ ಎಲ್ಲಿಂದ ಬರಬೇಕು? ಹೀಗಾಗಿ ಆ ಹುಡುಗಿಯ ಕೈಯಲ್ಲಿ ಲಾಂಗ್‌ಬುಕ್ಕೇ ಇರುತ್ತದೆ. ಅವಳ ಪಕ್ಕದಲ್ಲಿ ಧಾರವಾಡದ ನಿಮ್ಮ ಮಗಳು ಟ್ಯಾಬ್ ಹಿಡಿದು ಕೂತಿರುತ್ತಾಳೆ.

ಇಬ್ಬರಲ್ಲಿ ಯಾರು ಮುಂದೆ? ಪರೀಕ್ಷೆ ಒಂದು ವಾರ ಇರುವಾಗ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಯಾರ ನೋಟ್‌ಬುಕ್ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ? ದಿನಾ ಕೂತು ಬರೆದವಳದ್ದು. ಎಷ್ಟೋ ಸಲ ಅವಳು ಹಳ್ಳಿಯಿಂದ ಬರುವ ಹುಡುಗಿಯೇ ಆಗಿರುತ್ತಾಳೆ. ಅವಳಿಗೆ ಮೂರು ಸಾವಿರ ಫೋಟೋ ಉಳಿಸಿಕೊಳ್ಳುವ ಸೌಕರ್ಯ ಇರಲಿಲ್ಲ, ಆದ್ದರಿಂದ ಬರೆದಳು.

ಹಾಗೆಂದು ಬಡತನವನ್ನು ಹೊಗಳುವುದು ಬೇಡ. ಬಸ್ ತಪ್ಪಿ ಮೊದಲ ಪಿರಿಯಡ್ ಹೋದ ದಿನ, ಮಳೆಯಲ್ಲಿ ಚೀಲ ತೊಯ್ದು ಶಾಯಿ ಹರಡಿದ ದಿನ, ಆ ಹುಡುಗಿಗೂ ಒಂದು ಟ್ಯಾಬ್ ಇದ್ದರೆ ಉಪಕಾರವೇ ಆಗುತ್ತಿತ್ತು. ಬೆಂಚಿನ ಗೆಳತಿಯರು ಹಂಚಿಕೊಂಡರೆ ಇಬ್ಬರಿಗೂ ಲಾಭ. ನಿಮ್ಮ ಮಗಳು ಸ್ಲೈಡ್‌ಗಳನ್ನು ಅವಳಿಗೆ ಕಳಿಸಲಿ, ಅವಳ ನೋಟ್ಸ್ ನೋಡಿ ನಿಮ್ಮ ಮಗಳು ತನ್ನದನ್ನು ತಿದ್ದಿಕೊಳ್ಳಲಿ. ಮನೆಯಲ್ಲಿ ಇಂಥ ಮಾತು ಹೇಳಿಕೊಡಬೇಕಾದವರು ನಾವೇ ಅಲ್ಲವೇ?

ಮಗನಿಗೆ ಟ್ಯಾಬ್, ಮಗಳಿಗೆ ಹಳೆಯ ಫೋನು?

ಮನಸ್ಸಿಗೆ ಚುಚ್ಚುವ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಗನಿಗೆ ಕೇಳಿದ ತಕ್ಷಣ ಟ್ಯಾಬ್ ಬರುತ್ತದೆ. ಬಿಎಸ್ಸಿ ಓದುವ ಮಗಳಿಗೆ ಅಣ್ಣ ಬಿಟ್ಟುಕೊಟ್ಟ, ಪರದೆ ಬಿರುಕು ಬಿಟ್ಟ ಫೋನು. ಕೇಳಿದರೆ “ಆಕೀಗೇನ್ರೀ, ನಾಳೆ ಮದುವಿ ಆಗಿ ಹೋಗಾಕಿ” ಎಂಬ ಮಾತು. ಈ ಮಾತನ್ನು ಗಂಡಸರಷ್ಟೇ ಆಡುತ್ತಾರೆಂದು ತಿಳಿಯಬೇಡಿ. ನಾವೂ ಆಡುತ್ತೇವೆ.

ಯಾವ ಮಗುವಿಗೆ ಕೊಡಿಸಬೇಕು ಎಂಬುದನ್ನು ಓದಿನ ಅಗತ್ಯ ನಿರ್ಧರಿಸಲಿ. ಬಯಾಲಜಿಯ ಚಿತ್ರ, ಕೆಮಿಸ್ಟ್ರಿಯ ಸಮೀಕರಣ, ಎಲೆಕ್ಟ್ರಾನಿಕ್ಸ್‌ನ ಸರ್ಕ್ಯೂಟ್ ಇವುಗಳಿಗೆ ಪೆನ್ನಿರುವ ಟ್ಯಾಬ್ ನಿಜಕ್ಕೂ ಅನುಕೂಲ. ಬಣ್ಣ ಬದಲಿಸಬಹುದು, ದೊಡ್ಡದು ಮಾಡಿ ನೋಡಬಹುದು, ಮೇಷ್ಟ್ರು ಕೊಟ್ಟ ಸ್ಲೈಡಿನ ಮೇಲೆಯೇ ಬರೆಯಬಹುದು. ಆರು ಲಾಂಗ್‌ಬುಕ್ ಹೊರುವ ಭಾರವೂ ತಪ್ಪುತ್ತದೆ. ದೃಷ್ಟಿ ಮಂದವಿರುವ ಮಕ್ಕಳಿಗಂತೂ ಅಕ್ಷರ ದೊಡ್ಡದು ಮಾಡಿಕೊಳ್ಳುವ ಸೌಲಭ್ಯ ದೊಡ್ಡ ವರ. ಅದೇ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ನೋಟ್ಸ್‌ಗೆಂದು ಟ್ಯಾಬ್ ಕೇಳಿದರೆ ಧೈರ್ಯವಾಗಿ ಬೇಡ ಎನ್ನಿ. ಆ ವಯಸ್ಸಿನಲ್ಲಿ ಅಕ್ಷರ ದುಂಡಗಾಗಬೇಕು, ಬರೆಯುವ ವೇಗ ಬರಬೇಕು. ಅದಕ್ಕೆ ಪೆನ್ನು ಹಾಳೆ ಸಾಕು.

ಕೊಳ್ಳುವುದೇ ಆದರೆ...

* ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಕ್ಲಾಸಿನೊಳಗೆ ಟ್ಯಾಬ್ ತೆಗೆಯಲು ಎಲ್ಲ ಕಾಲೇಜುಗಳೂ, ಎಲ್ಲ ಮೇಷ್ಟ್ರೂ ಒಪ್ಪುವುದಿಲ್ಲ. “ಎಲ್ಲಾರೂ ತರ್ತಾರ” ಎಂಬ ಮಕ್ಕಳ ಮಾತಿನಲ್ಲಿ ‘ಎಲ್ಲಾರೂ’ ಅಂದರೆ ನಾಲ್ಕೇ ಜನ ಇರಬಹುದು!

* ಪೆನ್ನಿಲ್ಲದ ಟ್ಯಾಬ್ ನೋಟ್ಸ್‌ಗೆ ಪ್ರಯೋಜನವಿಲ್ಲ. ಕೆಲವು ಕಂಪನಿಗಳು ಪೆನ್ನನ್ನು ಡಬ್ಬಿಯೊಳಗೇ ಕೊಡುತ್ತವೆ. ಐಪ್ಯಾಡ್‌ನಂಥವಕ್ಕೆ ಪೆನ್ಸಿಲ್ ಬೇರೆ ಕೊಳ್ಳಬೇಕು. ಬೆಲೆ ಕೇಳುವಾಗ ಪೆನ್ನು, ಕವರು ಎಲ್ಲ ಸೇರಿಸಿ ಕೇಳಿ. ತುದಿಗೆ ರಬ್ಬರ್ ಇರುವ ಅಗ್ಗದ ಕಡ್ಡಿಯಿಂದ ಸಣ್ಣ ಅಕ್ಷರ ಬರೆಯುವುದು ಕಷ್ಟ.

* ಅಂಗಡಿಯಲ್ಲೇ ಮಗುವಿನ ಕೈಯಿಂದ ಹತ್ತು ಸಾಲು ಬರೆಸಿ. ಅಂಗೈ ಪರದೆಗೆ ಊರಿದರೂ ಗೆರೆ ಬೀಳಬಾರದು. ಕನ್ನಡದಲ್ಲೂ ಬರೆಸಿ ನೋಡಿ, ಒತ್ತಕ್ಷರ ಸರಿಯಾಗಿ ಮೂಡಬೇಕು. ಬರೆದದ್ದನ್ನು ಹುಡುಕಿ ಕೊಡುವ ಸೌಲಭ್ಯ ಇಂಗ್ಲಿಷ್ ಕೈಬರಹಕ್ಕೆ ಇದ್ದರೂ ಕನ್ನಡಕ್ಕೆ ಎಲ್ಲ ಆ್ಯಪ್‌ಗಳಲ್ಲಿ ಇರುವುದಿಲ್ಲ.

* ಸಿಮ್ ಇಲ್ಲದ, ಬರೀ ವೈ-ಫೈ ಇರುವ ಮಾದರಿ ಸಾಕು. ಬೆಲೆಯೂ ಕಡಿಮೆ, ಕ್ಲಾಸಿನಲ್ಲಿ ಮನಸ್ಸು ಚದುರುವುದೂ ಕಡಿಮೆ. ಅದರಲ್ಲಿ ವಾಟ್ಸ್ಆ್ಯಪ್, ಆಟ ಹಾಕಬಾರದೆಂದು ಕೊಳ್ಳುವ ದಿನವೇ ಮಾತಾಗಲಿ. ಆಮೇಲೆ ಹೇಳಿದರೆ ಜಗಳ.

* ಬರೆದದ್ದು ಟ್ಯಾಬ್ ಒಳಗಷ್ಟೇ ಉಳಿದರೆ, ಟ್ಯಾಬ್ ಕಳೆದ ದಿನ ಇಡೀ ವರ್ಷದ ಓದು ಕಳೆದ ಹಾಗೆ. ಮೇಲ್ ಖಾತೆಯಲ್ಲಿ ತಾನಾಗಿ ಉಳಿಯುವಂತೆ ವ್ಯವಸ್ಥೆ ಮಾಡಿಸಿ, ಪಾಸ್‌ವರ್ಡ್ ಬರೆದಿಡಿ. ತಿಂಗಳಿಗೊಮ್ಮೆ ಮುಖ್ಯ ನೋಟ್ಸ್ ಪ್ರಿಂಟ್ ತೆಗೆಸಿದರೆ ಇನ್ನೂ ಕ್ಷೇಮ.

* ರಾತ್ರಿ ಮೊಬೈಲ್ ಚಾರ್ಜಿಗೆ ಹಾಕುವ ಹಾಗೆ ಟ್ಯಾಬ್ ಕೂಡ. ಕರೆಂಟು ಹೋಗುವ ಕಡೆಯವರಾದರೆ ಚೀಲದಲ್ಲಿ ಒಂದು ರಫ್ ನೋಟ್‌ಬುಕ್ ಇದ್ದೇ ಇರಲಿ.

* ಪರೀಕ್ಷೆ ಇಂದಿಗೂ ಕಾಗದದ ಮೇಲೆಯೇ. ಪಿಯುಸಿ ಇರಲಿ, ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಇರಲಿ, ವಿಟಿಯು ಇರಲಿ, ತಾಸುಗಟ್ಟಲೆ ಪೆನ್ನು ಹಿಡಿಯಲೇಬೇಕು. ಗಾಜಿನ ಮೇಲೆ ಜಾರುವ ಪೆನ್ನಿಗೆ ಒಗ್ಗಿದ ಕೈ ಹಾಳೆಯ ಮೇಲೆ ಬೇಗ ಸೋಲುತ್ತದೆ. ವಾರಕ್ಕೊಮ್ಮೆಯಾದರೂ ಗಡಿಯಾರ ಇಟ್ಟು ಒಂದು ತಾಸು ಹಾಳೆಯ ಮೇಲೆ ಬರೆಸಿ.

* ಖರ್ಚಿನ ಲೆಕ್ಕವನ್ನೂ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಬರೆಯುವ ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗಳ ಮೇಲಿನ ಜಿಎಸ್‌ಟಿ ಪೂರ್ತಿ ತೆಗೆದುಹಾಕಿದ್ದಾರೆ. ಟ್ಯಾಬ್ ಮೇಲೆ ಶೇ. 18 ಹಾಗೆಯೇ ಇದೆ. ಕಂತಿನಲ್ಲಿ ಕೊಂಡರೆ ಬಡ್ಡಿ ಬೇರೆ.

ತಾಯಿ ಮಾಡಬೇಕಾದ ಪರೀಕ್ಷೆ

ಇಷ್ಟೆಲ್ಲ ಆದ ಮೇಲೂ ಕೊಡಿಸಬೇಕೋ ಬೇಡವೋ ಎಂದು ತೋಚದಿದ್ದರೆ ಒಂದು ಸುಲಭ ಉಪಾಯವಿದೆ. ಮಗನೋ ಮಗಳೋ ಟ್ಯಾಬ್ ಕೇಳಿದ ದಿನ, “ಆತು, ಕೊಡಸೂಣು. ಮೊದಲ ನಿನ್ನ ಹೋದ ವರ್ಷದ ನೋಟ್‌ಬುಕ್ ತಾ” ಎನ್ನಿ. ತೆರೆದು ನೋಡಿ. ನಿಮಗೆ ಫಿಸಿಕ್ಸ್ ಗೊತ್ತಿರಬೇಕಿಲ್ಲ. ತಾರೀಖು ಹಾಕಿದ್ದಾರೆಯೇ? ಜೂನ್‌ನಿಂದ ಮಾರ್ಚ್‌ವರೆಗೆ ಬರವಣಿಗೆ ಇದೆಯೇ, ಅಥವಾ ದೀಪಾವಳಿಗೆ ನಿಂತು ಹೋಗಿದೆಯೇ? ಅಡಿಗೆರೆ, ಬದಿಯಲ್ಲೊಂದು ಪ್ರಶ್ನೆ, ಸ್ವಂತದ್ದೊಂದು ಚಿತ್ರ ಏನಾದರೂ ಇದೆಯೇ? ಇಂಥ ನೋಟ್‌ಬುಕ್ ಇದ್ದ ಮಗುವಿಗೆ ಸಾಲ ಮಾಡದೆ ಕೊಡಿಸುವ ಶಕ್ತಿಯಿದ್ದರೆ ಧಾರಾಳವಾಗಿ ಟ್ಯಾಬ್ ಕೊಡಿಸಿ. ಅದು ಅಲ್ಲಿಯೂ ಬರೆಯುತ್ತದೆ. ನೋಟ್‌ಬುಕ್ಕಿನ ಮುಕ್ಕಾಲು ಪಾಲು ಖಾಲಿ ಇದ್ದರೆ, ಮೂವತ್ತು ಸಾವಿರದ ಟ್ಯಾಬ್ ಕೂಡ ಖಾಲಿಯೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಬರೆಯುವ ರೂಢಿ. ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಲಿ, ಆಮೇಲೆ ನೋಡೋಣ ಎನ್ನಿ.

ಕೊಡಿಸಿದ ಮೇಲೂ ನಿಮ್ಮ ಕೆಲಸ ಇದೆ. ವಾರದಲ್ಲಿ ಎರಡು ದಿನ, ಸಂಜೆ ಚಪಾತಿ ಲಟ್ಟಿಸುವಾಗ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: “ಇವತ್ತ ಕ್ಲಾಸಿನ್ಯಾಗ ಏನ ಬರದಿ, ನೋಡ್ಕೋತ ನನಗ ಹೇಳು.” ತಾನೇ ಬರೆದ ನೋಟ್ಸ್ ಆದರೆ ಮಗು ನಾಲ್ಕು ಮಾತು ಬಿಡಿಸಿ ಹೇಳುತ್ತದೆ. ಫೋಟೋ ತೋರಿಸಿ “ಇದ... ಏನೋ ಐತಿ” ಎಂದರೆ ನಿಮಗೆ ಉತ್ತರ ಸಿಕ್ಕಿತು. ತಾಯಿಗೆ ಹೇಳಿ ತಿಳಿಸುವಷ್ಟು ತನಗೇ ತಿಳಿದಿಲ್ಲ ಎಂದು ಮಗುವಿಗೂ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನೀವು ಬೈಯುವ ಅಗತ್ಯವೂ ಬೀಳುವುದಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತದ ತಾಯಂದಿರೂ ಮಾಡಬಹುದಾದ ಕೆಲಸ ಇದು. “ನಿನಗ ತಿಳಿಯೂದಿಲ್ಲ ಬಿಡು” ಎಂದು ಮಕ್ಕಳು ಮುಂದಿನ ಸಲ ಅಂದಾಗ ಸುಮ್ಮನಾಗಬೇಡಿ. “ನನಗ ತಿಳಿಯೂ ಹಂಗ ನೀನ ಹೇಳು” ಎಂದು ಎದುರಿಗೆ ಕೂರಿಸಿಕೊಳ್ಳಿ.